ಎಲ್ಲರೂ ಸರಿಯೆಂದ ನಾಡಿ

ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವವಳ ಮುಂದೆ ಗಂಡನಾದವನು ಬಂದು ನಿಂತು, "ಸೌಮ್ಯ, ಪಾಠ ಮಾಡೋದು ಹೇಗೆ ಅಂತ ಕಲಿಯೋಕೆ ಒಂದು ಕೋರ್ಸಿಗೆ ಸೇರ್ಕೊಂಡೆ ಕಣೆ" ಎಂದರೆ ಆಕೆ ಏನು ಮಾಡಬೇಕು? ನಾನು ನಕ್ಕೆ. ಕೈಯಲ್ಲಿದ್ದ ಉತ್ತರ ಪತ್ರಿಕೆಗಳ ಕಟ್ಟನ್ನು ಸೋಫಾದ ಮೇಲೆ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಐವತ್ತನೇ ವಯಸ್ಸಿಗೆ ಬಿ.ಎಡ್. ಮಾಡ್ತೀರೇನ್ರೀ?"

"ಬಿ.ಎಡ್. ಅಲ್ಲ. ಮೆಡಿಕಲ್ ಎಜುಕೇಶನ್. ಮೆಡಿಕಲ್ ಕಾಲೇಜಲ್ಲಿ ಪಾಠ ಹೇಳೋ ಡಾಕ್ಟ್ರುಗಳು ಓದೋದು."

"ಇಷ್ಟು ವರ್ಷ ಮಾಡಿದ್ದೇನು ಹಾಗಾದ್ರೆ?"

"ಅದನ್ನೇ ನಾನೂ ಕೇಳ್ಕೋತಾ ಇದೀನಿ" ಎಂದರು. ಅವರು ನಗಲಿಲ್ಲ. ಇದು ತಮಾಷೆಯಲ್ಲವೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ನಮ್ಮನೆಯವರ ಹೆಸರು ಡಾಕ್ಟರ್ ಕೆಂಪರಾಜು. ಬೆಳಗ್ಗೆ ಕನಕಪುರ ರಸ್ತೆಯಾಚೆಯ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪ್ರೊಫೆಸರು, ಸಂಜೆ ಜರಗನಹಳ್ಳಿಯಲ್ಲಿ ಕ್ಲಿನಿಕ್ಕು. ಹುಟ್ಟಿದ್ದು, ಬೆಳೆದಿದ್ದು, ಈಗಲೂ ಇರುವುದು ಸಾರಕ್ಕಿಯಲ್ಲಿ. ಇವತ್ತು ಜೆ.ಪಿ. ನಗರ ಎನ್ನುವ ಜಾಗದಲ್ಲಿ ಇವರ ತಾತ ರಾಗಿ ಬೆಳೆಯುತ್ತಿದ್ದರು. ಜಮೀನೆಲ್ಲ ಲೇಔಟಾಗಿ, ಉಳಿದ ಸೈಟುಗಳಲ್ಲಿ ಅಣ್ಣಂದಿರು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು ಆರಾಮಾಗಿದ್ದಾರೆ. ಒಬ್ಬರಿಗೆ ನೀರಿನ ಟ್ಯಾಂಕರ್ ವ್ಯಾಪಾರ, ಇನ್ನೊಬ್ಬರಿಗೆ ಬಿಟಿಎಂ ಲೇಔಟಿನಲ್ಲಿ ಪಿ.ಜಿ. ಹಾಸ್ಟೆಲು. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಇವರೊಬ್ಬರೇ. ಹಬ್ಬಕ್ಕೆ ಎಲ್ಲರೂ ಸೇರಿದಾಗ ದೊಡ್ಡ ಭಾವ, "ಏನ್ ಡಾಕ್ಟ್ರೇ, ಇನ್ನೂ ಸಂಬಳಕ್ಕೆ ಹೋಗ್ತಾ ಇದೀಯಾ?" ಎಂದು ರೇಗಿಸುತ್ತಾರೆ. ಇವರು ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಾರೆ. ಮನೆಯಲ್ಲಂತೂ ಸಿಟ್ಟೇ ಬರದ ಮನುಷ್ಯ. ಈ ಮನೆಗೆ ಬೇಕಾದ ಸಿಟ್ಟನ್ನೆಲ್ಲ ನಾನೇ ಮಾಡಿಕೊಳ್ಳಬೇಕು.

ಅಂಥವರು, ಈ ಕೋರ್ಸಿನ ಮಾತೆತ್ತುವ ಸ್ವಲ್ಪ ದಿನ ಮೊದಲು, ಕಾಲೇಜಿನಿಂದ ಬಂದು ಊಟ ಬೇಡವೆಂದಿದ್ದರು. ಸೊಪ್ಪಿನ ಸಾರು, ಮುದ್ದೆ ಕಾಯುತ್ತಿತ್ತು. ಮುದ್ದೆ ಬೇಡವೆಂದರೆ ಸಾರಕ್ಕಿಯವರಿಗೆ ಏನೋ ಆಗಿದೆ ಎಂದೇ ಅರ್ಥ. ಕೆದಕಿ ಕೇಳಿದ ಮೇಲೆ ಹೇಳಿದರು. ವಾರ್ಡಿನಲ್ಲಿ ಗುರುಸಿದ್ದ ಎಂಬ ವಿದ್ಯಾರ್ಥಿ ರೋಗಿಯ ವಿವರ ಹೇಳುತ್ತಿದ್ದನಂತೆ. ಕನ್ನಡ ಮೀಡಿಯಂನಿಂದ ಬಂದವನು, ಇಂಗ್ಲಿಷಿನಲ್ಲಿ ತಡವರಿಸಿದ. ಇವರ ಬಾಯಿಂದ, "ನೀನು ಹೋಗಿ ಎಮ್ಮೆ ಕಾಯಿ, ಅದಕ್ಕೆ ಭಾಷೆ ಬೇಡ" ಎಂಬ ಮಾತು ಬಂದುಬಿಟ್ಟಿತು. ಆ ಹುಡುಗ "ಸಾರಿ ಸಾರ್" ಎಂದು ಹಿಂದೆ ಸರಿದು ನಿಂತ.

ಆ ಮಾತು ಇವರ ಸ್ವಂತದ್ದಲ್ಲ. ಇವರು ಎಂ.ಬಿ.ಬಿ.ಎಸ್. ಓದುವಾಗ ಒಬ್ಬ ಪ್ರೊಫೆಸರು, ರೋಗಿಗಳ ಎದುರಿಗೇ, ಇವರಿಗೆ ಹೇಳಿದ್ದ ಮಾತು. ಮದುವೆಯಾದ ಹೊಸದರಲ್ಲಿ ನನಗೆ ಅದನ್ನು ಹೇಳಿ, "ನಾನು ಮಾತ್ರ ಯಾವತ್ತೂ ಹೀಗೆ ಪಾಠ ಮಾಡಲ್ಲ" ಎಂದಿದ್ದರು.

"ಆ ಮನುಷ್ಯ ನನ್ನೊಳಗೇ ಇದಾನೆ ಸೌಮ್ಯ" ಎಂದರು ಆ ದಿನ. "ನನಗೆ ಪಾಠ ಮಾಡೋಕೆ ಬರಲ್ಲ. ಅವನು ಮಾಡಿದ್ದನ್ನ ನೋಡಿದ್ದೆ, ಅದನ್ನೇ ಮಾಡ್ತಾ ಬಂದಿದೀನಿ."

ಅದಾದ ಮೇಲೆ ಕೋರ್ಸು ಶುರುವಾಯಿತು. ಎರಡು ವರ್ಷದ್ದು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವ ಸಂದಿಯಲ್ಲಿ ಫೋನಿನಲ್ಲಿ ಪಾಠ ಕೇಳುವುದು, ಭಾನುವಾರಗಳಲ್ಲಿ ಅಸೈನ್‌ಮೆಂಟು ಬರೆಯುವುದು. ವಯಸ್ಕರು ಹೇಗೆ ಕಲಿಯುತ್ತಾರೆ, ಪರೀಕ್ಷೆ ಹೇಗಿರಬೇಕು, ತಪ್ಪನ್ನು ಹೇಗೆ ತಿದ್ದಬೇಕು. ಕಲಿತದ್ದನ್ನೆಲ್ಲ ಮೊದಲು ಪ್ರಯೋಗ ಮಾಡುತ್ತಿದ್ದದ್ದು ನನ್ನ ಮೇಲೆ. ಮೊದಲು ಚೆನ್ನಾಗಿರುವುದನ್ನು ಹೇಳಬೇಕಂತೆ, ಆಮೇಲೆ ಕೊರತೆಯನ್ನು ಅವರ ಬಾಯಿಂದಲೇ ಹೊರಡಿಸಬೇಕಂತೆ.

"ಸಾರಿಗೆ ಒಗ್ಗರಣೆ ತುಂಬ ಚೆನ್ನಾಗಿ ಬಿದ್ದಿದೆ. ಉಪ್ಪಿನ ಬಗ್ಗೆ ನಿನಗೇ ಏನನ್ಸುತ್ತೆ?"

"ನನಗೆ ಏನನ್ಸುತ್ತೆ ಅಂದ್ರೆ, ನಾಳೆಯಿಂದ ನೀವೇ ಅಡಿಗೆ ಮಾಡ್ಕೊಳ್ಳಿ ಅನ್ಸುತ್ತೆ."

ಆದರೂ ಒಳಗೊಳಗೇ ನನಗೆ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ. ಇವರು ನಿಜವಾಗಿ ಬದಲಾದರು. ವಾರ್ಡಿನಲ್ಲಿ ದನಿಯೇರಿಸುವುದು ನಿಂತಿತು. ಗುರುಸಿದ್ದನನ್ನು ಕರೆದು ಕ್ಷಮೆ ಕೇಳಿದರು. ಅವನು ಗಾಬರಿಯಾಗಿ, "ಪರವಾಗಿಲ್ಲ ಸಾರ್, ಅಟೆಂಡೆನ್ಸ್ ಒಂದು ಕೊಟ್ಬಿಡಿ" ಎಂದನಂತೆ.

ಅಲ್ಲೇ ಇತ್ತು ನೋಡಿ ತಾಪತ್ರಯ. ಇವರು ಒಳ್ಳೆಯ ಮೇಷ್ಟರಾಗುತ್ತಾ ಹೋದ ಹಾಗೆ ಇವರ ಕ್ಲಾಸು ಖಾಲಿಯಾಗುತ್ತಾ ಹೋಯಿತು. ಇವರ ವಿಭಾಗದ ಮುಖ್ಯಸ್ಥರು ಡಾಕ್ಟರ್ ವೆಂಕಟಾಚಲ. ಬಾಯಿ ತೆಗೆದರೆ ಬೈಗುಳ, ಅರ್ಧಕ್ಕರ್ಧ ಹುಡುಗರನ್ನು ಫೇಲು ಮಾಡುತ್ತೇನೆನ್ನುವ ಬೆದರಿಕೆ. ಅವರ ಕ್ಲಾಸಿಗೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಬರುತ್ತಿದ್ದರು. ಇವರು ಬೈಯುವುದಿಲ್ಲ ಎಂದು ಗೊತ್ತಾದ ದಿನದಿಂದ ಇವರ ಹೊತ್ತಿನಲ್ಲಿ ಲೈಬ್ರರಿಗೆ ಹೋಗಿ, ಪಿ.ಜಿ. ಎಂಟ್ರೆನ್ಸಿಗೆಂದು ಫೋನಿನಲ್ಲಿ ಪ್ರಶ್ನೋತ್ತರ ತಿರುವುತ್ತಾ ಕೂರುತ್ತಿದ್ದರು.

"ಸ್ವಲ್ಪ ಬೈರೀ" ಎಂದೆ. "ನಾನು ಬೈದೇ ಇಷ್ಟು ಜನಕ್ಕೆ ಲೆಕ್ಕ ಕಲಿಸಿಲ್ವಾ?"

"ಹೆದರಿಕೆಯಿಂದ ಉತ್ತರ ಬರುತ್ತೆ ಕಣೆ. ಕೈ ಪಳಗಲ್ಲ. ರೋಗಿ ಹಾಸಿಗೆ ಮೇಲೆ ನಾಲ್ಕು ಆಪ್ಶನ್ ಇಟ್ಕೊಂಡು ಮಲಗಿರಲ್ಲ. ಪುಸ್ತಕ ಏನಾದ್ರೂ ಹೇಳ್ಲಿ, ನಾನು ಏನಾದ್ರೂ ಹೇಳ್ಲಿ, ತನ್ನ ಬೆರಳಿಗೆ ಏನು ಸಿಕ್ತೋ ಅದನ್ನ ಧೈರ್ಯವಾಗಿ ಹೇಳೋನು ಒಬ್ಬ ತಯಾರಾದ್ರೆ ಸಾಕು. ಒಬ್ಬನೇ ಒಬ್ಬ."

ಇಷ್ಟೇ ಇವರ ಆಸೆ. ಸೈಟು ಕೇಳಲಿಲ್ಲ, ಕಾರು ಕೇಳಲಿಲ್ಲ. ಒಬ್ಬ ವಿದ್ಯಾರ್ಥಿ.

ಇನ್ನು ಅತ್ತೆಯ ವಿಷಯಕ್ಕೆ ಬರುತ್ತೇನೆ. ಮುನಿಲಕ್ಷ್ಮಮ್ಮ ಇವರ ಸೋದರತ್ತೆ, ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಇವರನ್ನು ಎತ್ತಿ ಆಡಿಸಿದವರೂ, ಪಿ.ಯು.ಸಿ. ಓದುವಾಗ ಪಕ್ಕದಲ್ಲಿ ಕೂತು ನಿದ್ದೆ ಬರದ ಹಾಗೆ ಕಾವಲು ಕಾದವರೂ ಅವರೇ. ನಮ್ಮ ಮನೆಯ ಕೆಳಗಿನ ರೂಮಿನಲ್ಲಿದ್ದರು. ಬಾಲ್ಯದಲ್ಲಿ ಕೀಲು ಜ್ವರ ಬಂದು ಹೃದಯದ ಒಂದು ಕವಾಟ ಕೆಟ್ಟಿತ್ತು. ಬಹಳ ಹಿಂದೆ ಅದನ್ನು ಬಲೂನು ಹಾಕಿ ಸಡಿಲಿಸಿದ್ದರು. ಮಾತ್ರೆ ನುಂಗಿಕೊಂಡು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಎದೆಗೆ ಸ್ಟೆತಸ್ಕೋಪು ಇಟ್ಟರೆ ಮಾತ್ರ ಒಂದು ಗುಡುಗುಡು ಸದ್ದು ಕೇಳುತ್ತಿತ್ತು.

ಆ ಸದ್ದಿನಿಂದಾಗಿ ಅವರು ಕಾಲೇಜಿಗೆ ಬಹಳ ಬೇಕಾದವರು. ಮೆಡಿಕಲ್ ಕಾಲೇಜುಗಳಲ್ಲಿ 'ಎಕ್ಸಾಂ ಕೇಸು' ಎನ್ನುವ ಜನರಿರುತ್ತಾರೆ. ಮೈಯಲ್ಲಿ ಯಾವುದೋ ಹಳೆಯ ಕಾಯಿಲೆ ಸ್ಪಷ್ಟವಾಗಿ ಕಾಣುವವರು, ಕೇಳಿಸುವವರು. ಪ್ರತಿ ಪರೀಕ್ಷೆಗೂ ಅವರನ್ನೇ ಕರೆಸಿ ಮಂಚದ ಮೇಲೆ ಮಲಗಿಸುತ್ತಾರೆ. ವಿದ್ಯಾರ್ಥಿಗಳು ಮುಟ್ಟಿ, ಕೇಳಿ, ಕಾಯಿಲೆ ಯಾವುದೆಂದು ಹೇಳಬೇಕು. ಅತ್ತೆ ವರ್ಷಾನುಗಟ್ಟಲೆಯಿಂದ ಹಾಗೆ ಹೋಗುತ್ತಿದ್ದರು. ಪರೀಕ್ಷೆಯೆಂದರೆ ಅವರಿಗೆ ಮದುವೆಮನೆಗೆ ಹೊರಟಷ್ಟು ಸಂಭ್ರಮ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟಿನ ಹತ್ತಿರ ನಿಂತು, "ಬ್ಯಾಗ ಬಾ ಮಗ, ನನ್ ಮಕ್ಳು ಕಾಯ್ತಾ ಇರ್ತವೆ" ಎಂದು ಇವರನ್ನು ಅವಸರ ಮಾಡುತ್ತಿದ್ದರು.

ಹೆಸರಿಗೆ ಅದು ಪರೀಕ್ಷೆ. ಯಾವ ಮಂಚದಲ್ಲಿ ಯಾವ ಕಾಯಿಲೆಯೆಂದು ಸೀನಿಯರುಗಳು ಜೂನಿಯರುಗಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಸಾರಕ್ಕಿ ಅಜ್ಜಿ ಸಿಕ್ಕರೆ ಇಂಥ ಕವಾಟ, ನಾಡಿ ಹೀಗೆ, ಸದ್ದು ಹಾಗೆ ಎಂದು ಬ್ಯಾಚಿನಿಂದ ಬ್ಯಾಚಿಗೆ ಬಾಯಿಪಾಠ. ಅದೂ ಗೊತ್ತಿಲ್ಲದ ಪಾಪದವರು ಸಿಕ್ಕರೆ ಅತ್ತೆಯೇ, "ಹೆದ್ರಬ್ಯಾಡ ಕಣ್ ಮಗ, ನಂದು ಕವಾಟದ್ದು" ಎಂದು ಪಿಸುಗುಟ್ಟುತ್ತಿದ್ದರು. ಎಷ್ಟೋ ಜನ ಅವರ ದಯೆಯಿಂದಲೇ ಡಾಕ್ಟರಾಗಿದ್ದಾರೆ.

ಇದನ್ನೇ ಮುರಿಯಬೇಕೆಂದು ಇವರು ಹೊರಟರು. ಕೋರ್ಸಿನ ಕೊನೆಗೆ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ಒಂದು ಚಿಕ್ಕ ಬ್ಯಾಚನ್ನು ಆರಿಸಿಕೊಂಡು, ಅರ್ಧ ವರ್ಷ ಅವರಿಗೆ ಹೊಸ ರೀತಿಯಲ್ಲಿ, ಹಾಸಿಗೆ ಪಕ್ಕದಲ್ಲೇ ಕೂರಿಸಿ ಹೇಳಿಕೊಟ್ಟರು. ಈ ಕೆಲವರು ಮಾತ್ರ ತಪ್ಪದೆ ಬಂದರು. ಪ್ರಾಜೆಕ್ಟಿಗೆ ಬಂದವರಿಗೆ ಸರ್ಟಿಫಿಕೇಟ್ ಇತ್ತೆನ್ನುವುದನ್ನು ನಾನು ನೆನಪಿಸಲು ಹೋಗಲಿಲ್ಲ. ಕೊನೆಯಲ್ಲಿ ಒಂದು ಶನಿವಾರ ಪರೀಕ್ಷೆ. ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದರು, "ಈ ಸಲ ಬಾಯಿ ಬಿಡಬಾರದು ಅತ್ತೆ. ಆಣೆ ಮಾಡು."

"ಒಂದ್ ಮಾತ್ ಯೋಳಿದ್ರೆ ನಿನ್ ಗಂಟೇನ್ ಹೋಯ್ತದ್ಲಾ?" ಎಂದು ಅತ್ತೆ ಮುನಿಸಿಕೊಂಡರು. ಆಮೇಲೆ ಒಪ್ಪಿದರು. ಇವರು ಕೇಳಿದರೆ ಅವರು ಯಾವುದಕ್ಕೂ ಇಲ್ಲವೆಂದವರಲ್ಲ.

ಆ ವಾರ ನಾವಿಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅತ್ತೆ, "ಯಾಕೋ ಎದೆ ಒಂದೊಂದ್ ದಪ ಪಟಪಟ ಅಂತದೆ ಕಣವ್ವ" ಎಂದರು. ನಾನು ರಾತ್ರಿ ಇವರಿಗೆ ಹೇಳಿದೆ. ಡೈನಿಂಗ್ ಟೇಬಲ್ಲಿನ ಮೇಲೆ ಶನಿವಾರಕ್ಕೆ ಬೇಕಾದ ನಂಬರು ಚೀಟಿಗಳನ್ನು ಹರಡಿಕೊಂಡು ಕತ್ತರಿಸುತ್ತಾ ಇದ್ದರು. ಕತ್ತರಿ ಕೆಳಗಿಟ್ಟು ಸ್ವಲ್ಪ ಯೋಚಿಸಿದರು.

"ಶನಿವಾರ ಬರ್ತಾರಲ್ಲ. ಇಡೀ ಬ್ಯಾಚು ನೋಡುತ್ತೆ."

"ಒಂದ್ ನಿಮಿಷ ಕೈ ಹಿಡಿದು ನೋಡೋಕೆ ಏನ್ ಧಾಡಿ ನಿಮಗೆ?"

"ನಾನು ಈಗ ನೋಡಿ ಏನಾದ್ರೂ ಇದ್ರೆ ಅತ್ತೆಗೆ ಹೇಳ್ಲೇಬೇಕು. ಅತ್ತೆ ಅಲ್ಲಿ ಹೋಗಿ ಹುಡುಗರಿಗೆ ಹೇಳ್ದೆ ಇರ್ತಾರಾ? ಏನಾದ್ರೂ ಹೊಸದಿದ್ರೆ ಅವರ ಬೆರಳಿಗೇ ಸಿಗ್ಲಿ ಸೌಮ್ಯ. ನಾನು ಅಲ್ಲೇ ನಿಂತಿರ್ತೀನಿ. ಎರಡು ದಿನ ತಾನೆ."

ಮಾತ್ರೆ ನುಂಗುತ್ತಿದ್ದಾರೆ, ವಯಸ್ಸಾಗಿದೆ, ಹೀಗೆ ಆಗುತ್ತಿರುತ್ತದೆ ಎಂದೂ ಸೇರಿಸಿದರು. ಡಾಕ್ಟರ ಮನೆಯಲ್ಲಿ ಕಾಯಿಲೆಗೆ ಮರ್ಯಾದೆಯಿಲ್ಲವೆಂದು ಗೊಣಗಿಕೊಂಡು ನಾನು ಸುಮ್ಮನಾದೆ.

ಶನಿವಾರ ಶಾಲೆಗೆ ರಜಾ ಹಾಕಿ ಅತ್ತೆಯ ಜೊತೆ ನಾನೂ ಹೋದೆ. ಉದ್ದನೆಯ ಹಾಲು. ಪರದೆ ಕಟ್ಟಿ ಗೂಡು ಗೂಡು ಮಾಡಿದ್ದರು. ಒಂದೊಂದು ಗೂಡಿನಲ್ಲಿ ಒಂದೊಂದು ಕೆಲಸ. ಗಂಟೆ ಹೊಡೆದರೆ ಒಬ್ಬ ವಿದ್ಯಾರ್ಥಿ ಈ ಗೂಡಿನಿಂದ ಆ ಗೂಡಿಗೆ ಹೋಗಬೇಕು. ಅತ್ತೆಯದೊಂದು ಗೂಡು, ಅವರ ತಲೆಯ ಹತ್ತಿರ ಸ್ಟೂಲಿನ ಮೇಲೆ ನಾನು. ಇವರು ಮೂಲೆಯಲ್ಲಿ ಅಂಕದ ಹಾಳೆ ಸಿಕ್ಕಿಸಿದ ಹಲಗೆ ಹಿಡಿದುಕೊಂಡು ನಿಂತರು. ಪರೀಕ್ಷಕರು ಬಾಯಿ ಹಾಕಬಾರದು, ರೋಗಿಯನ್ನು ಮುಟ್ಟಲೂಬಾರದು, ನೋಡಿ ಗುರುತು ಹಾಕಬೇಕು. ಅದು ನಿಯಮ.

ಒಬ್ಬೊಬ್ಬರಾಗಿ ಬಂದರು. ಏನು ಚಂದ ಅಂತೀರಿ! ಕೈ ತೊಳೆದರು. "ನಮಸ್ಕಾರ ಅಮ್ಮ, ನಿಮ್ಮನ್ನ ಪರೀಕ್ಷೆ ಮಾಡ್ಲಾ?" ಎಂದು ಕೇಳಿದರು. ಪರದೆ ಎಳೆದರು. ಸ್ಟೆತಸ್ಕೋಪಿನ ತುದಿ ತಣ್ಣಗಿರುತ್ತದೆಂದು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಇಟ್ಟರು. ಎಮ್ಮೆ ಕಾಯಿ ಎನ್ನಿಸಿಕೊಂಡ ಮನುಷ್ಯ ಈ ಮಕ್ಕಳಿಗೆ ಇಷ್ಟು ಕಲಿಸಿದ್ದಾರಲ್ಲ ಎನ್ನಿಸಿತು. ಎಲ್ಲರೂ ಕೊನೆಗೆ ಇವರ ಕಡೆ ತಿರುಗಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದರು. ನಾಡಿ ಎಷ್ಟು ಎಂದು ಹೇಳಿ, "ರೆಗ್ಯುಲರ್ ಸಾರ್" ಎಂದರು. ಮುಂದಿನವನೂ ರೆಗ್ಯುಲರ್ ಎಂದ. ಅದರ ಮುಂದಿನವಳೂ. ಬಡಿತದ ತಾಳ ಸರಿಯಾಗಿದೆ ಎಂದು ಅರ್ಥ. ಅತ್ತೆ ಆಣೆಗೆ ಕಟ್ಟುಬಿದ್ದು ತುಟಿ ಬಿಗಿಹಿಡಿದು ಮಲಗಿದ್ದರು.

ಸುರಭಿ ಎಂಬ ಹುಡುಗಿ ಮಾತ್ರ ಮಿಕ್ಕವರಿಗಿಂತ ಹೆಚ್ಚು ಹೊತ್ತು ಕೈ ಹಿಡಿದುಕೊಂಡಿದ್ದಳು. ತ್ಯಾಗರಾಜನಗರದವಳು, ಬ್ಯಾಚಿಗೇ ಜಾಣೆ, ಇವರು ಮನೆಯಲ್ಲಿ ದಿನಾ ಹೊಗಳುತ್ತಿದ್ದ ವಿದ್ಯಾರ್ಥಿನಿ. ಒಮ್ಮೆ ತಲೆಯೆತ್ತಿ ಇವರ ಮುಖ ನೋಡಿದಳು. ಆಮೇಲೆ ಅವಳೂ ರೆಗ್ಯುಲರ್ ಎಂದಳು.

ವಾಪಸ್ಸು ಬರುವಾಗ ಕಾರಿನಲ್ಲಿ ಅತ್ತೆ ಕೇಳಿದರು, "ಇಷ್ಟ್ ಜನ ನೋಡುದ್ರಲ್ಲ, ಏನಂದ್ರು ಮಗ?"

"ಎಲ್ಲ ಸರಿಯಾಗಿದೆ ಅಂದ್ರು ಅತ್ತೆ. ಎಲ್ಲರದೂ ಒಂದೇ ಮಾತು."

"ಅಂಗಾರೆ ಪಟಪಟ ಅನ್ನೋದು ನನ್ ಬ್ರಮೆ" ಎಂದು ಅತ್ತೆ ನಿರಾಳವಾಗಿ ಹಿಂದಕ್ಕೊರಗಿದರು.

ಇವರಿಗೆ ಎಷ್ಟು ಖುಷಿಯೆಂದರೆ ನೇರ ಮನೆಗೆ ಬರದೆ ಜಯನಗರ ಫೋರ್ತ್ ಬ್ಲಾಕಿಗೆ ಗಾಡಿ ತಿರುಗಿಸಿ ಮಸಾಲೆ ದೋಸೆ ಕೊಡಿಸಿದರು. "ಅಷ್ಟೂ ಜನ ಬೇರೆ ಬೇರೆಯಾಗಿ ನೋಡಿ ಒಂದೇ ಉತ್ತರ ಹೇಳಿದ್ರೆ ಅದು ನಿಜ ಅಂತಾನೇ ಅರ್ಥ. ನಮ್ಮ ಕೋರ್ಸಲ್ಲಿ ಅದಕ್ಕೇ ಒಂದು ಲೆಕ್ಕ ಇದೆ" ಎಂದರು. ನನ್ನ ಕ್ಲಾಸಿನಲ್ಲಿ ಎಲ್ಲರೂ ಒಂದೇ ಉತ್ತರ ಬರೆದರೆ ನಾನು ಮೊದಲು ನೋಡುವುದು ಯಾರ ಪಕ್ಕ ಯಾರು ಕೂತಿದ್ದರು ಎಂದು. ಮಾತು ತುದಿ ನಾಲಿಗೆಗೆ ಬಂದಿತ್ತು. ದೋಸೆ ಬಿಸಿಯಾಗಿತ್ತು, ಬಹಳ ದಿನದ ಮೇಲೆ ಈ ಮನುಷ್ಯ ನಗುತ್ತಿದ್ದರು, ಹಾಳಾಗಲಿ ಎಂದು ನುಂಗಿಕೊಂಡೆ.

ಸೋಮವಾರ ಬೆಳಗ್ಗೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಬಾಗಿಲಿಗೆ ಬಂದ ಅತ್ತೆ ಅಲ್ಲೇ ಕುಸಿದರು. ನಾನು ಓಡಿಹೋದೆ. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ನೆಲದ ಮೇಲೆ ಬಿದ್ದುಕೊಂಡಿತ್ತು, ಎತ್ತಿದರೆ ಮತ್ತೆ ಬೀಳುತ್ತಿತ್ತು. ಇವರು ಮೆಟ್ಟಿಲಿಳಿದು ಬಂದು ಪಕ್ಕದಲ್ಲಿ ಕೂತು ಎಡಗೈ ಹಿಡಿದು ನಾಡಿ ನೋಡಿದರು. ಕೈ ಬಿಡಲೇ ಇಲ್ಲ. ಮುಖ ಬಿಳುಚಿಕೊಂಡಿತು.

"ತಾಳಾನೇ ಇಲ್ಲ" ಎಂದರು. "ಸೌಮ್ಯ, ತಾಳಾನೇ ಇಲ್ಲ ಕಣೆ."

ಆಸ್ಪತ್ರೆಯಲ್ಲಿ ಎಲ್ಲ ತಿಳಿಯಿತು. ಕೆಟ್ಟ ಕವಾಟವಿದ್ದವರಲ್ಲಿ ಹೃದಯ ಒಮ್ಮೊಮ್ಮೆ ಹೀಗೆ ತಾಳ ತಪ್ಪಿ ಬಡಿಯಲು ಶುರುಮಾಡುತ್ತದಂತೆ. ಆಗ ರಕ್ತ ಒಳಗೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೋಗಿ ಮಿದುಳಿನಲ್ಲಿ ಸಿಕ್ಕಿಕೊಂಡಿತ್ತು. ತಾಳ ತಪ್ಪಿದ್ದು ಮೊದಲೇ ಗೊತ್ತಾಗಿದ್ದರೆ ರಕ್ತ ತೆಳುವಾಗುವ ಮಾತ್ರೆ ಕೊಡಬಹುದಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು, "ಎಷ್ಟು ದಿನದಿಂದ ಹೀಗಿದೆ ಸಾರ್? ಮೊನ್ನೆ ಮೊನ್ನೆ ಯಾರಾದ್ರೂ ನೋಡಿದ್ರಾ?" ಎಂದು ಇವರನ್ನು ಕೇಳಿದರು.

ಅತ್ತೆಯ ಜೀವ ಉಳಿಯಿತು. ಬಲಗೈ, ಬಲಗಾಲು ಹೋಯಿತು. ಮಾತು ಪೂರ್ತಿ ಹೋಯಿತು. ಏನು ಕೇಳಿದರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

ಆಗ ನಾನು ಇವರನ್ನು ಬೈದದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. "ನಿಮ್ಮ ಪರೀಕ್ಷೆಗೆ ಬೆಂಕಿ ಬಿತ್ತು! ಮನೆ ಮುದುಕೀನ ನಿಮ್ಮ ಹುಡುಗರಿಗೆ ಪ್ರಶ್ನೆಪತ್ರಿಕೆ ಮಾಡಿಬಿಟ್ರಲ್ರೀ" ಎಂದದ್ದು ನೆನಪಿದೆ. ಇವರು, "ನಾನು ಅವರನ್ನ ನಂಬಿದ್ದೆ" ಎಂದರು. "ನಾನು ನೋಡಿದ್ದಕ್ಕಿಂತ ಅವರು ನೋಡಿದ್ದು ಹೆಚ್ಚು ಅಂತ ನಿಜವಾಗ್ಲೂ ನಂಬಿದ್ದೆ."

ಅದು ಸುಳ್ಳಲ್ಲ. ಅದಕ್ಕೇ ನನ್ನ ಹೊಟ್ಟೆ ಇನ್ನೂ ಉರಿಯಿತು.

ಆಮೇಲೆ ಬ್ಯಾಚಿನವರನ್ನೆಲ್ಲ ವೃತ್ತಾಕಾರ ಕೂರಿಸಿ, ಯಾರನ್ನೂ ದೂರದೆ, ಕೋರ್ಸಿನಲ್ಲಿ ಕಲಿತ ಹಾಗೆಯೇ ಕೇಳಿದರಂತೆ. ಯಾರಿಗಾದರೂ ತಾಳ ತಪ್ಪಿದ್ದು ಬೆರಳಿಗೆ ಸಿಕ್ಕಿತ್ತೇ? ಎಲ್ಲರೂ ನೆಲ ನೋಡಿದರು. ಒಬ್ಬ, "ಕೇಸ್ ನಮಗೆ ಮೊದ್ಲೇ ಗೊತ್ತಿತ್ತಲ್ಲ ಸಾರ್" ಎಂದ. ಇವರು ತಮ್ಮ ಪ್ರಾಜೆಕ್ಟಿನ ಗೈಡಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದರು. ಅವರು ವಿಷಾದ ಸೂಚಿಸಿ, ಫಲಿತಾಂಶ ಮಾತ್ರ ಬಹಳ ಚೆನ್ನಾಗಿದೆ, ಇಷ್ಟು ಹೊಂದಾಣಿಕೆ ಅಪರೂಪ ಎಂದರು. ಕೈ ತೊಳೆದದ್ದಕ್ಕೆ, ನಮಸ್ಕರಿಸಿದ್ದಕ್ಕೆ, ನಾಡಿ ಹಿಡಿದದ್ದಕ್ಕೆ ಎಲ್ಲರಿಗೂ ಪೂರ್ತಿ ಅಂಕ ಬಂದಿತ್ತು. ಉತ್ತರಕ್ಕೂ ಬಂದಿತ್ತು. ಸರಿಯುತ್ತರವೆಂದು ಇವರೇ ಮೊದಲು ಬರೆದಿಟ್ಟಿದ್ದು ರೆಗ್ಯುಲರ್ ಎಂದು. ಇವರಿಗೆ ಡಿಗ್ರಿ ಬಂತು, ಅದೂ ಡಿಸ್ಟಿಂಕ್ಷನ್. ವೆಂಕಟಾಚಲ ಅವರು ಮನೆಗೆ ಬಂದು ಅತ್ತೆಯನ್ನು ನೋಡಿ ಲೊಚಗುಟ್ಟಿ, ಹೋಗುವಾಗ ಗೇಟಿನ ಹತ್ತಿರ ದನಿ ತಗ್ಗಿಸಿ, "ಸ್ವಲ್ಪ ಚೇತರಿಸಿಕೊಂಡ ಮೇಲೆ ಹೇಳಿ ಕೆಂಪರಾಜು. ಕವಾಟದ ಜೊತೆ ಪಾರ್ಶ್ವವಾಯು, ಫೈನಲ್ ಎಕ್ಸಾಂಗೆ ಇದಕ್ಕಿಂತ ಒಳ್ಳೇ ಕೇಸ್ ಸಿಗಲ್ಲ" ಎಂದರು. ನನ್ನ ಕೈಯಲ್ಲಿ ಪೊರಕೆಯಿತ್ತು. ಇವರು ನನ್ನ ಭುಜ ಹಿಡಿದುಕೊಂಡರು.

ಅತ್ತೆಯನ್ನು ಮನೆಗೆ ತಂದ ಮೇಲೆ ಇವರು ಪ್ರತಿ ಬೆಳಗ್ಗೆ ಅವರ ಎಡಗೈ ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ನೋಡುತ್ತಿದ್ದರು. ನನಗೂ ಹೇಳಿಕೊಟ್ಟರು. ಎರಡು ಬೆರಳು, ಮೆತ್ತಗೆ, ಏನನ್ನೂ ಅಂದುಕೊಳ್ಳದೆ. ನನಗೆ ನಾಲ್ಕು ದಿನಕ್ಕೆ ಬಂತು. ಆಸ್ಪತ್ರೆಯವರು ಕೊಟ್ಟ ಹೊಸ ಮಾತ್ರೆಗಳಿಂದ ನಿಧಾನವಾಗಿ ಬಡಿತ ದಾರಿಗೆ ಬಂದಿತ್ತು. ಹೋದ ಕೈಕಾಲು ಬರುವುದಿಲ್ಲ, ಆದರೆ ತಾಳ ಸರಿಯಾಗಿತ್ತು. ಒಂದು ಭಾನುವಾರ ಬೆಳ್ಳಂಬೆಳಗ್ಗೆ ಇವರು ಇ.ಸಿ.ಜಿ. ಮೆಶಿನ್ನನ್ನೇ ಕ್ಲಿನಿಕ್ಕಿನಿಂದ ತಂದು ತೆಗೆದು, "ಪೂರ್ತಿ ರೆಗ್ಯುಲರ್ ಆಗಿದೆ ಸೌಮ್ಯ" ಎಂದು ನನಗೆ ಪಟ್ಟಿ ತೋರಿಸಿದರು.

ಅದೇ ಭಾನುವಾರ ಹನ್ನೊಂದರ ಹೊತ್ತಿಗೆ ಸುರಭಿ ಬಂದಳು. ಕೈಯಲ್ಲಿ ಮೋಸಂಬಿ. ಕೂತವಳು ಕಾಫಿ ಮುಟ್ಟಲಿಲ್ಲ. ಅಳಲು ಶುರುಮಾಡಿದಳು.

"ಸಾರ್, ಅವತ್ತು ನೀವು ಕೇಳಿದಾಗ ನಾನು ಹೇಳ್ಲಿಲ್ಲ. ನನಗೆ ಸಿಕ್ಕಿತ್ತು ಸಾರ್. ಇರೆಗ್ಯುಲರ್ ಅಂತ ಅನ್ಸಿತ್ತು."

ನಾನು ಅಡಿಗೆಮನೆ ಬಾಗಿಲಲ್ಲಿ ನಿಂತುಬಿಟ್ಟೆ.

"ಮತ್ತೆ ಯಾಕಮ್ಮ ಹೇಳ್ಲಿಲ್ಲ?" ಇವರ ದನಿಯಲ್ಲಿ ಕೋಪವಿರಲಿಲ್ಲ.

"ಎಲ್ಲರೂ ರೆಗ್ಯುಲರ್ ಅಂತಾನೇ ಕಲ್ತಿದ್ವಿ ಸಾರ್. ನಿಮ್ಮ ಮನೆಯವರೇ ಅಲ್ವಾ, ನಿಮಗೆ ಗೊತ್ತಿಲ್ದೆ ಇರುತ್ತಾ ಅನ್ಕೊಂಡೆ. ನನ್ನ ಬೆರಳೇ ತಪ್ಪು ಅನ್ಸ್ತು. ಮಾರ್ಕ್ಸ್ ಹೋಗುತ್ತೆ ಅಂತ..."

ಅವಳ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು ನನಗೆ. ಆದರೆ ಇವರ ಮುಖ ನೋಡಿ ದಂಗಾದೆ. ಎಷ್ಟೋ ವಾರದಿಂದ ಸತ್ತ ಹಾಗಿದ್ದ ಮುಖದಲ್ಲಿ ಜೀವ ಬಂದಿತ್ತು. ನನ್ನ ಕಡೆ ತಿರುಗಿ, "ನೋಡಿದ್ಯಾ? ಒಬ್ಬಳಿಗೆ ಸಿಕ್ಕಿತ್ತು" ಎಂದರು. ಅತ್ತೆ ಒಳಗೆ ಕೈಕಾಲು ಬಿದ್ದು ಮಲಗಿದ್ದಾರೆ, ಈ ಮನುಷ್ಯನಿಗೆ ಸಂತೋಷ! ಬೈಯಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಉಳಿದದ್ದು ಅಷ್ಟೇ ಇತ್ತು ಅವರಿಗೆ.

"ಬಾ" ಎಂದು ಸುರಭಿಯನ್ನು ಅತ್ತೆಯ ರೂಮಿಗೆ ಕರೆದುಕೊಂಡು ಹೋದರು. "ಇನ್ನೊಂದು ಸಲ ನೋಡು. ಪರೀಕ್ಷೆ ಅಲ್ಲ, ಮಾರ್ಕ್ಸ್ ಇಲ್ಲ. ನಾನು ಹೇಳಿದ್ದು ಬಿಡು, ಪುಸ್ತಕ ಬಿಡು. ನಿನ್ನ ಬೆರಳಿಗೆ ಏನು ಸಿಗುತ್ತೋ ಅದನ್ನ ಹೇಳು."

ಅವಳು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. "ನಮಸ್ಕಾರ ಅಮ್ಮ" ಎಂದಳು. ಅತ್ತೆ ಕಣ್ಣು ಹೊರಳಿಸಿ ನೋಡಿದರು. ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಅವಸರವಿಲ್ಲದೆ ನೋಡಿದಳು. ಇವರು ಮಂಚದ ಕಾಲಿನ ಬಳಿ ನಿಂತಿದ್ದರು.

"ಇರೆಗ್ಯುಲರ್ ಸಾರ್" ಎಂದಳು. "ಅವತ್ತಿನ ಹಾಗೇ."

ನಾನು ಇವರನ್ನು ನೋಡಿದೆ. ಇವರು ನನ್ನನ್ನು ನೋಡಲಿಲ್ಲ.

"ಇನ್ನೊಮ್ಮೆ ನೋಡ್ತೀಯಾ?"

ಮತ್ತೆ ನೋಡಿದಳು. "ಹೌದು ಸಾರ್, ಖಂಡಿತ. ಈಗ ಚೆನ್ನಾಗಿ ಸಿಗ್ತಿದೆ." ಈ ಸಲ ಅವಳ ದನಿಯಲ್ಲಿ ಧೈರ್ಯವಿತ್ತು.

ನನ್ನ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಇವರು ಸುಮ್ಮನಿರು ಎಂಬಂತೆ ತಲೆಯಾಡಿಸಿದರು. "ಥ್ಯಾಂಕ್ಸ್ ಕಣಮ್ಮ. ಬಂದು ಹೇಳಿದ್ದು ಒಳ್ಳೇದಾಯ್ತು" ಎಂದು ಗೇಟಿನವರೆಗೂ ಹೋಗಿ ಕಳಿಸಿಕೊಟ್ಟರು. ಹುಡುಗಿ ಮನಸ್ಸು ಹಗುರ ಮಾಡಿಕೊಂಡು ಸ್ಕೂಟಿ ಹತ್ತಿದಳು.

ಇವರು ಬಂದು ಅತ್ತೆಯ ಪಕ್ಕ ಕೂತು ಎಡಗೈ ಎತ್ತಿಕೊಂಡರು. ಬಹಳ ಹೊತ್ತು ಹಿಡಿದುಕೊಂಡಿದ್ದರು. ಬೆರಳು ಬದಲಾಯಿಸಿದರು. ಮತ್ತೆ ಹಿಡಿದರು. ಆಮೇಲೆ ಆ ಕೈಯನ್ನು ನನ್ನ ಕಡೆಗೆ ನೀಡಿದರು.

"ನೀನು ನೋಡು ಸೌಮ್ಯ."

"ಬೆಳಗ್ಗೆ ನೋಡಿದ್ವಲ್ರೀ. ಪಟ್ಟೀನೂ ತೋರಿಸಿದ್ರಿ."

"ಅದಕ್ಕೇ. ಪಟ್ಟಿ ನೋಡಿದ್ದು ಮರ್ತುಬಿಡು. ನನಗೆ ಬೇಕಾದ್ದು ಹೇಳಬೇಡ, ನಿನಗೆ ಸಿಕ್ಕಿದ್ದು ಹೇಳು."

ನಾನು ಎರಡು ಬೆರಳಿಟ್ಟೆ. ಒಂದರ ಹಿಂದೆ ಒಂದು, ಸಮನಾಗಿ ಬಡಿಯುತ್ತಿತ್ತು. ಎಣಿಸಿ ಮುಗಿಸಿದೆ.

"ಸರಿಯಾಗಿದೆ" ಎಂದೆ.

ಇವರು ನನ್ನ ಮುಖವನ್ನೇ ನೋಡುತ್ತಾ ಕೂತರು. ನಂಬಲಿಲ್ಲ.